ಬಾಯಿಪಾಠದ ಪಟ್ಟಿ

ಗಿರಾಕಿ ಅಂಗಡಿಯ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಅವಳ ಕೈ ಅರ್ಧ ಕೆಲಸ ಮುಗಿಸಿರುತ್ತಿತ್ತು. ಮುಖ ಕಂಡರೆ ಸಾಕು, ಈ ಮನೆಗೆ ದಪ್ಪಕ್ಕಿ ಎರಡು ಕೆಜಿ, ಆ ಮನೆಗೆ ಕಲ್ಲುಪ್ಪು, ಇನ್ನೊಂದು ಮನೆಗೆ ಕೆಂಪು ಸೋಪು ಅಂತ ಎಲ್ಲ ತಾನಾಗಿ ಮುಂದೆ ಬಂದು ಕೂರುತ್ತಿತ್ತು. ಬರೆದಿಟ್ಟುಕೊಂಡದ್ದು ಒಂದಕ್ಷರವೂ ಇಲ್ಲ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ಬರೆಯುವುದಾದರೂ ಏನನ್ನು? ಆದರೆ ಬೀದಿಯ ಅರವತ್ತು ಮನೆಗಳ ದಿನಸಿ ಅವಳಿಗೆ ಬಾಯಿಪಾಠ. ಅದಕ್ಕೇ ಎಲ್ಲರೂ ಅವಳನ್ನು ಪಟ್ಟಿಯಮ್ಮ ಅಂತ ಕರೆದರು. ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ.

ಅಂಗಡಿ ಅವಳ ಅಣ್ಣನದು, ಬೀದಿಯ ಮೂಲೆಯಲ್ಲಿತ್ತು. ಗಂಡ ತೀರಿಕೊಂಡಾಗ ಪಟ್ಟಿಯಮ್ಮನಿಗೆ ಮೂವತ್ತೊಂದು, ಮಕ್ಕಳಿಲ್ಲ. ಅಣ್ಣ ಬಂದು, ಮನೆಯಲ್ಲಿ ಗೋಡೆ ನೋಡುತ್ತ ಕೂರುವುದಕ್ಕಿಂತ ಬಂದು ತಕ್ಕಡಿ ಹಿಡಿ ಅಂದ. ಅಂದು ಹಿಡಿದ ತಕ್ಕಡಿಯನ್ನು ಇಪ್ಪತ್ತಾರು ವರ್ಷ ಬಿಡಲಿಲ್ಲ. ಅಂಗಡಿಯ ಹಿಂದಿನ ಓಣಿಯಲ್ಲೇ ಒಂದು ಕೋಣೆ ಬಾಡಿಗೆ ಹಿಡಿದಳು. ಅಲ್ಲಿ ಒಂದು ಮಂಚ, ಒಂದು ಸ್ಟೋವು, ಒಂದು ಕಿಟಕಿ. ಮಲಗುವುದಕ್ಕಷ್ಟೇ ಅಲ್ಲಿಗೆ ಹೋಗುತ್ತಿದ್ದಳು. ಬದುಕು ಪೂರ್ತಿ ಅಂಗಡಿಯಲ್ಲೇ.

ಕೈಯಷ್ಟೇ ಚುರುಕು ಬಾಯಿ. ಪೊಟ್ಟಣಕ್ಕೆ ದಾರ ಸುತ್ತುತ್ತಲೇ ಈ ಮನೆಯ ಮಗುವಿನ ಜ್ವರ, ಆ ಮನೆಯ ಅತ್ತೆಯ ಮಂಡಿನೋವು ಎಲ್ಲ ವಿಚಾರಿಸುವಳು. ವಿಚಾರಿಸಿದ್ದನ್ನು ಮುಂದಿನ ಗಿರಾಕಿಗೆ ದಾಟಿಸುವಳು. ಅದರಲ್ಲಿ ಕೆಟ್ಟ ಮನಸ್ಸೇನಿಲ್ಲ, ಅಕ್ಕರೆಯೇ. ಆದರೂ ಅಣ್ಣ, ನಿನ್ನ ಹೊಟ್ಟೆಯಲ್ಲಿ ಸಾಸಿವೆ ಕಾಳೂ ನಿಲ್ಲುವುದಿಲ್ಲ ಕಣೇ ಅಂತ ದಿನಕ್ಕೊಂದು ಸಲ ಅನ್ನುವನು. ನಿಲ್ಲಿಸಿಕೊಂಡರೆ ಅಜೀರ್ಣ ಅಂತ ಇವಳು ನಗುವಳು.

ಅರವತ್ತು ಮನೆಗಳಲ್ಲಿ ಅವಳಿಗೆ ಅಚ್ಚುಮೆಚ್ಚಿನದು ಹೊಲಿಗೆಯಮ್ಮನ ಮನೆ. ಬೀದಿಯ ಕೊನೆಯ ಕಟ್ಟಡದ ಮೂರನೇ ಮಹಡಿಯಲ್ಲಿ, ಕಿಟಕಿಯ ಪಕ್ಕ ಯಂತ್ರವಿಟ್ಟುಕೊಂಡು ಬಟ್ಟೆ ಹೊಲಿಯುವ ಹೆಂಗಸು. ಮಾತು ಕಡಿಮೆ. ಗಂಡ ಗಡಿಯಾರ ರಿಪೇರಿಯವರು. ಬುಧವಾರ ಹನ್ನೊಂದಕ್ಕೆ, ಬೆಳಗಿನ ಕತ್ತರಿ ಕೆಲಸ ಮುಗಿಸಿ, ಹೆಗಲ ಮೇಲೆ ದಾರದ ಎಳೆ ಅಂಟಿಸಿಕೊಂಡೇ ಆಕೆ ಬರುವರು. ಅಕ್ಕಿ ಎರಡು ಕೆಜಿ, ಬೇಳೆ ಒಂದು, ಕಲ್ಲುಪ್ಪು, ಬೆಂಕಿಪೊಟ್ಟಣ ಮೂರು. ತನಗೆ ಸಣ್ಣ ಪುಡಿಯ ಟೀ, ಗಂಡನಿಗೆ ದಪ್ಪ ಎಲೆಯ ಕಡಕ್ ಟೀ. ಗಂಡನ ಗಡ್ಡಕ್ಕೆ ಬ್ಲೇಡಿನ ಒಂದು ಡಬ್ಬಿ, ಕೆಮ್ಮಿಗೆ ಪೆಪ್ಪರ್‌ಮಿಂಟು. ಆಮೇಲೆ ಎರಡು ವಸ್ತು, ಇಡೀ ಬೀದಿಯಲ್ಲಿ ಆಕೆ ಮಾತ್ರ ಒಯ್ಯುವಂಥವು: ಹೊಲಿಗೆ ಯಂತ್ರದ ಎಣ್ಣೆಯ ಪುಟ್ಟ ಬಾಟಲಿ, ವಾಸನೆಯಿಲ್ಲದ ಬಿಳಿ ಸೋಪು. ಸೋಪು ಮೈಗಲ್ಲ. ತೆಳ್ಳಗೆ ಬಿಲ್ಲೆ ಕೊಯ್ದು ಬಟ್ಟೆಯ ಮೇಲೆ ಗೆರೆ ಎಳೆಯುವುದಕ್ಕೆ.

ಆಕೆ ಬಾಯಿ ತೆರೆಯಬೇಕಾಗಿಯೇ ಇರಲಿಲ್ಲ. ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಪಟ್ಟಿಯಮ್ಮ ಎಲ್ಲ ಕಟ್ಟಿ ಸಾಲಾಗಿ ಇಡುವಳು. ಸೋಪಿನ ವಾಸನೆ ಟೀಗೆ ಹತ್ತದಿರಲಿ ಅಂತ ಎರಡರ ನಡುವೆ ಉಪ್ಪಿನ ಪೊಟ್ಟಣ. ಬಿಳಿ ಸೋಪಿಗೆ ವಾಸನೆ ಎಲ್ಲಿದೆ ಅಂತ ಅಣ್ಣ ಕೇಳಿದರೆ, ಸೋಪು ಸೋಪೇ, ಟೀ ಟೀಯೇ ಅನ್ನುವಳು.

ಒಂದು ಬುಧವಾರ ಹೊಲಿಗೆಯಮ್ಮ ಬರಲಿಲ್ಲ. ಕಟ್ಟಿಟ್ಟದ್ದು ಸಂಜೆಯವರೆಗೆ ಹಾಗೇ ಇತ್ತು. ಮುಂದಿನ ಬುಧವಾರವೂ ಇಲ್ಲ. ಮೂರನೆಯ ವಾರ ಪಟ್ಟಿಯಮ್ಮ ಚೀಲ ಹೊತ್ತು ತಾನೇ ಮೂರು ಮಹಡಿ ಹತ್ತಿದಳು. ಬಾಗಿಲು ಒಂದು ಗೇಣು ತೆರೆಯಿತು. ಕೆಲಸ ಜಾಸ್ತಿ, ಸಾಮಾನು ಈಗ ಫೋನಿನಲ್ಲೇ ತರಿಸಿಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಅಂದರು ಹೊಲಿಗೆಯಮ್ಮ. ಒಳಗೆ ಬನ್ನಿ ಅನ್ನಲಿಲ್ಲ. ಹೊತ್ತ ಚೀಲವನ್ನು ಹಾಗೇ ಇಳಿಸಿಕೊಂಡು ಬಂದಳು.

ಅಂದಿನಿಂದ ಅದೊಂದು ಮುಳ್ಳು. ತಾನು ಏನಂದೆ? ಯಾವಾಗ ಅಂದೆ? ಆಡಿದ ಮಾತುಗಳನ್ನೆಲ್ಲ ಅಕ್ಕಿಯ ಹಾಗೆ ಮೊರದಲ್ಲಿ ಹರಡಿ ಕಲ್ಲು ಹುಡುಕಿದಳು. ಕೊನೆಗೆ ಒಂದು ಸಿಕ್ಕಿತು. ಕೊನೆಯ ಸಲ ಬಂದಾಗ, ಅಂಗಡಿಯಲ್ಲಿ ನಾಲ್ಕು ಜನ ಇದ್ದಾಗ, ಯಜಮಾನರು ಕಣ್ಣಿಗೇ ಬೀಳುವುದಿಲ್ಲ, ಬ್ಲೇಡು ಮಾತ್ರ ವಾರವಾರ ಖರ್ಚಾಗುತ್ತಿದೆ, ಗಡ್ಡಕ್ಕೇನು ಗೊಬ್ಬರ ಹಾಕುತ್ತಾರೋ ಅಂತ ತಮಾಷೆ ಮಾಡಿದ್ದಳು. ಎಲ್ಲರೂ ನಕ್ಕಿದ್ದರು. ಹೊಲಿಗೆಯಮ್ಮನೂ ನಕ್ಕಿದ್ದರು. ಇದನ್ನು ಅಣ್ಣನ ಮುಂದೆ ಹೇಳಿಕೊಂಡಳು, ಅದೇ ತಪ್ಪಾಯಿತು. ಅವನು ಅದನ್ನು ಗಂಟು ಹಾಕಿ ಇಟ್ಟುಕೊಂಡ.

ಆಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಕರಗಿದರು. ಮೊದಲು ನಾಲ್ಕನೇ ಮಹಡಿಯವರು, ಆಮೇಲೆ ಎಳೆ ಮಗುವಿನ ಮನೆಯವರು, ಆಮೇಲೆ ಗಂಡ ಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಮನೆಯವರು. ಬೀದಿಯಲ್ಲಿ, ಫೋನಿನಲ್ಲಿ ಕೇಳಿದ್ದನ್ನು ಮನೆಗೇ ತಲುಪಿಸುವ ಕಂಪನಿಯ ಹಸಿರು ಚೀಲಗಳು ಓಡಾಡತೊಡಗಿದವು. ಒಂದು ವರ್ಷ ತಳ್ಳಿದ ಅಣ್ಣ, ಕೊನೆಗೆ ಅಂಗಡಿ ಮುಚ್ಚಿದ. ಕೊನೆಯ ದಿನ ರೋಲಿಂಗ್ ಶಟರ್ ಎಳೆಯುವ ಮುಂಚೆ, ಅತ್ತಿಗೆ ಇದ್ದಾಗ, ಪಕ್ಕದ ಕ್ಷೌರದಂಗಡಿಯವನೂ ಇದ್ದಾಗ, ಅಣ್ಣ ತಂಗಿಯ ಕಡೆ ನೋಡದೆ ಅಂದ:

"ನಿನ್ನ ಬಾಯಿಂದ ಒಬ್ಬರು ಹೋದ್ರು. ಅವರ ಹಿಂದೆ ಬೀದಿಗೆ ಬೀದಿಯೇ ಹೋಯ್ತು."

ಸಿಟ್ಟಿನಲ್ಲಿ ಆಡಿದ್ದೇ ಇರಬಹುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ. ಅಣ್ಣ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ತಂಗಿ ಮರೆಯಲಿಲ್ಲ. ಭಾನುವಾರ ಅಣ್ಣನ ಮನೆಗೆ ಹೋಗುವುದೇನೂ ನಿಲ್ಲಲಿಲ್ಲ. ಹೋದರೂ ಹಜಾರದಲ್ಲಿ ಇಬ್ಬರೂ ಟಿವಿಯ ಕಡೆ ಮುಖ ಮಾಡಿ ಕೂರುವರು. ಹೊಲಿಗೆಯಮ್ಮ ಒಂದೇ ಒಂದು ಸಲ ಸಿಕ್ಕಿದರೆ ಏನಂದೆ ಅಂತ ಕೇಳಿಬಿಡಬೇಕು, ತನ್ನ ಬಾಯಿಯಿಂದ ಅಲ್ಲ ಅಂತಾದರೆ ಅದನ್ನು ಅಣ್ಣನಿಗೆ ಹೇಳಬೇಕು. ಪಟ್ಟಿಯಮ್ಮನಿಗೆ ಬೇಕಾಗಿದ್ದದ್ದು ಅಷ್ಟೇ. ಆದರೆ ಗೇಣಗಲ ತೆರೆದು ಮುಚ್ಚಿಕೊಂಡ ಬಾಗಿಲಿನ ಮುಂದೆ ಮತ್ತೆ ನಿಲ್ಲುವ ಧೈರ್ಯ ಬರಲಿಲ್ಲ.

ಹೊಟ್ಟೆ ಕೇಳಬೇಕಲ್ಲ. ಬಸ್ಸು ನಿಲ್ಲುವ ಜಾಗದ ಹಿಂದೆ ಅದೇ ಕಂಪನಿಯ ಗೋದಾಮಿತ್ತು. ಸಾಮಾನಿನ ಪರಿಚಯ ಇರುವವರು ಬೇಕು ಅಂತ ಗೇಟಿಗೆ ಬೋರ್ಡು ಹಾಕಿದ್ದರು. ತನ್ನ ಗಿರಾಕಿಗಳನ್ನು ನುಂಗಿದ ಬಾಯೊಳಕ್ಕೆ ತಾನೇ ನಡೆದುಹೋದಳು.

ಒಳಗೆ ಕಿಟಕಿ ಇಲ್ಲ. ಹಗಲೋ ಸಂಜೆಯೋ, ಟ್ಯೂಬ್‌ಲೈಟಿಗೆ ಎಲ್ಲ ಒಂದೇ. ಆಳೆತ್ತರದ ನಲವತ್ತು ರ್ಯಾಕುಗಳು. ಕೈಯಲ್ಲೊಂದು ಸ್ಕ್ಯಾನರ್. ಅದು ಕೂಗಿದ ಕೂಡಲೇ ಪರದೆಯ ಮೇಲೆ ಒಂದು ನಂಬರು, ಕೆಳಗೆ ಸಾಮಾನಿನ ಚಿತ್ರಗಳು. ಟ್ರೇ ಹಿಡಿದು ಓಡು, ಹುಡುಕು, ಕುಯ್ಯೆನ್ನಿಸು, ಹಾಕು, ಬೆಲ್ಟಿನ ಮೇಲೆ ತಳ್ಳು. ಹೆಸರು ವಿಳಾಸ ಎಲ್ಲ ಗೋಡೆಯ ಆಚೆ, ಪ್ಯಾಕ್ ಮಾಡುವವರ ಕಡೆ. ಇಲ್ಲಿ ಹೋದ ಪುಟ್ಟ ಬಂದ ಪುಟ್ಟ, ಅಷ್ಟೇ. ತಕ್ಕಡಿ ಇಲ್ಲ, ದಾರ ಇಲ್ಲ, ಮಾತೂ ಇಲ್ಲ. ಮೊದಲ ವಾರ ಅಭ್ಯಾಸ ಬಲದಿಂದ, ಏನಮ್ಮ ಇಷ್ಟು ಈರುಳ್ಳಿ, ನೆಂಟರೇನಾದರೂ ಬಂದಿದ್ದಾರಾ ಅಂತ ಸ್ಕ್ಯಾನರನ್ನೇ ಕೇಳಿದ್ದಳು. ಪಕ್ಕದ ಸಾಲಿನಲ್ಲಿದ್ದ ಹುಡುಗಿ ಕಿವಿಯಿಂದ ಹೆಡ್‌ಫೋನ್ ಕಿತ್ತು, ನನಗೇನಾದರೂ ಅಂದಿರಾ ದೊಡ್ಡಮ್ಮ ಅಂತ ಕೇಳಿದಳು. ಇಲ್ಲಮ್ಮ, ಈರುಳ್ಳಿಗೆ ಅಂದೆ ಅಂದಳು ಪಟ್ಟಿಯಮ್ಮ. ಅಂದಿನಿಂದ ಗೋದಾಮಿನವರಿಗೆಲ್ಲ ಅವಳು ದೊಡ್ಡಮ್ಮ.

ಟೀ ಬಿಡುವಿನಲ್ಲಿ ಒಂದು ದಿನ ಅವಳು ಕೇಳಿದಳು, ಈ ಜನ ಅಂಗಡಿಗೆ ಯಾಕೆ ಹೋಗುವುದಿಲ್ಲ ಅಂತ. ಟೈಮ್ ಉಳಿಯುತ್ತೆ ಅಂದ ಸೂಪರ್‌ವೈಸರ್. ಎಲ್ಲಿ ಉಳಿಯುತ್ತೆ, ಒಂದು ಟೂತ್‌ಪೇಸ್ಟಿಗೆ ಅರ್ಧ ಗಂಟೆ ಫೋನ್ ಉಜ್ಜುತ್ತಾರೆ ಅಂದಳು ಹೆಡ್‌ಫೋನಿನವಳು. ಹಾಲು ಮೊಸರು ಇಡುವ ತಣ್ಣನೆ ಕೋಣೆಯಲ್ಲಿ ಕೆಲಸ ಮಾಡುವವನು, ಐದು ಕೆಜಿ ಅಕ್ಕಿ ಹೊತ್ತು ನಾಲ್ಕು ಮಹಡಿ ಹತ್ತಿ ನೋಡಿ, ಆಗ ಗೊತ್ತಾಗುತ್ತೆ ಅಂದ. ಕೊನೆಗೆ ಹುಡುಗಿ ತನ್ನದೇ ವಿಷಯ ಹೇಳಿದಳು.

"ನಾನು ಪ್ಯಾಡ್ ತಗೊಳ್ಳೋದು ಫೋನಲ್ಲೇ ದೊಡ್ಡಮ್ಮ. ಅಂಗಡೀಲಿ ಕೇಳಿದ್ರೆ ಪೇಪರ್‌ನಲ್ಲಿ ಸುತ್ತಿ, ಮೇಲೆ ಕವರ್ ಹಾಕಿ, ಬಾಂಬ್ ಕೊಟ್ಟ ಹಾಗೆ ಕೊಡ್ತಾರೆ. ಸುತ್ತದೇ ಇದ್ರೆ ಯಾರೂ ನೋಡ್ತಿರಲಿಲ್ಲ. ಸುತ್ತೋದಕ್ಕೇ ಎಲ್ಲರೂ ನೋಡ್ತಾರೆ."

ಎಲ್ಲರೂ ನಕ್ಕರು. ಪಟ್ಟಿಯಮ್ಮನೂ ನಕ್ಕಳು. ಇಪ್ಪತ್ತಾರು ವರ್ಷ ಅವಳೂ ಪೇಪರಿನಲ್ಲಿ ಸುತ್ತಿಯೇ ಕೊಟ್ಟಿದ್ದಳು. ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದಳು.

ಬರಬರುತ್ತ ನಂಬರುಗಳಿಗೂ ಮುಖ ಮೂಡತೊಡಗಿತು. ಹಾಲಿನ ಪುಡಿ ಎರಡೆರಡು ಡಬ್ಬಿ, ಅಂದರೆ ಅವಳಿ ಮಕ್ಕಳು. ಸಕ್ಕರೆ ಕಾಯಿಲೆಯವರ ಬಿಸ್ಕತ್ತಿನ ಜೊತೆ ಅಂಗೈಯಗಲದ ಚಾಕೊಲೇಟು, ಅಂದರೆ ಆ ಮನೆಯಲ್ಲೊಬ್ಬ ಕಳ್ಳ. ದಿನಾ ಒಂದೇ ಒಂದು ಮೊಟ್ಟೆ, ಒಂದು ಬಾಳೆಹಣ್ಣು ತರಿಸುವವರು ಯಾರೋ? ವಾರದ್ದು ಒಟ್ಟಿಗೇ ತರಿಸಿದರೆ ಬಾಗಿಲು ತಟ್ಟುವವರು ವಾರಕ್ಕೊಮ್ಮೆ ಮಾತ್ರ ಬಂದಾರು ಅಂತ ಇರಬಹುದೇ? ಕೇಳೋಣ ಅಂದರೆ ಯಾರನ್ನು? ಪ್ರಶ್ನೆಗಳನ್ನೆಲ್ಲ ನುಂಗಿ, ಸಂಜೆ ಕೋಣೆಗೆ ಹೋಗಿ ಅನ್ನ ಬೇಯಿಸುವಳು. ಅವಳ ಬಾಗಿಲನ್ನಂತೂ ಯಾರೂ ತಟ್ಟುತ್ತಿರಲಿಲ್ಲ.

ಒಂದು ಬುಧವಾರ ಬೆಳಗ್ಗೆ ಸ್ಕ್ಯಾನರ್ ಕೂಗಿತು. ಅಕ್ಕಿ ಒಂದು ಕೆಜಿ, ಬೇಳೆ ಅರ್ಧ. ಕಲ್ಲುಪ್ಪು. ಬೆಂಕಿಪೊಟ್ಟಣ ಒಂದು. ಸಣ್ಣ ಪುಡಿಯ ಟೀ. ಅಷ್ಟಕ್ಕೇ ಅವಳ ಹೆಜ್ಜೆ ನಿಧಾನವಾಯಿತು. ಬೆರಳಿನಿಂದ ಪರದೆ ಸರಿಸಿದಳು. ಯಂತ್ರದ ಎಣ್ಣೆ. ವಾಸನೆಯಿಲ್ಲದ ಬಿಳಿ ಸೋಪು.

ಹೆಸರಿರಲಿಲ್ಲ. ಇದ್ದಿದ್ದರೂ ಅವಳಿಗೆ ಬೇಕಾಗಿರಲಿಲ್ಲ. ಸಂತೆಯಲ್ಲಿ ಕಳೆದುಹೋದವರು ತಾವಾಗಿಯೇ ಎದುರಿಗೆ ಬಂದ ಹಾಗಾಯಿತು. ಟ್ರೇ ಹಿಡಿದು ನಲವತ್ತು ರ್ಯಾಕುಗಳ ನಡುವೆ ಮದುವೆ ಮನೆಯಲ್ಲಿ ಓಡಾಡುವವಳ ಹಾಗೆ ಓಡಾಡಿದಳು. ಟೀಗೂ ಸೋಪಿಗೂ ನಡುವೆ ಉಪ್ಪಿಟ್ಟಳು. ಪಟ್ಟಿ ಅರ್ಧಕ್ಕೆ ಇಳಿದಿತ್ತು, ಬ್ಲೇಡು ಪೆಪ್ಪರ್‌ಮಿಂಟು ಕಡಕ್ ಟೀ ಇರಲಿಲ್ಲ. ಆದರೆ ಖುಷಿಯಲ್ಲಿದ್ದವಳು ಅದಕ್ಕೊಂದು ಅರ್ಥ ಕಟ್ಟಲಿಲ್ಲ. ಫೋನಿನಲ್ಲಿ ತರಿಸುವವರು ಅರ್ಧ ಮರೆಯುತ್ತಾರೆ, ತಾನಿದ್ದಿದ್ದರೆ ನೆನಪಿಸುತ್ತಿದ್ದೆ ಅಂದುಕೊಂಡಳು.

ಪ್ರತಿ ಬುಧವಾರ ಅದೇ ಹೊತ್ತಿಗೆ ಆ ಪಟ್ಟಿ ಬರತೊಡಗಿತು. ಒಮ್ಮೆ ಇವಳಿಗೆ, ಒಮ್ಮೆ ಬೇರೆಯವರಿಗೆ. ಬೇರೆಯವರಿಗೆ ಹೋದರೆ ಬದಲಾಯಿಸಿಕೊಳ್ಳುವಳು. ಹೆಡ್‌ಫೋನಿನ ಹುಡುಗಿ, ನಿಮ್ಮ ಬುಧವಾರದ್ದು ಬಂತು ಅಂತ ತಾನೇ ಕೂಗಿ ಕರೆಯುವಳು. ಹಳೇ ಲವ್ವಾ ದೊಡ್ಡಮ್ಮ ಅಂತ ಕೀಟಲೆಯೂ ಮಾಡುವಳು. ವಾರದ ಆರು ದಿನ ಯಾರೊಬ್ಬರಿಗೂ ಬೇಡವಾಗಿ ಇದ್ದವಳಿಗೆ ಆ ಕಾಲು ಗಂಟೆ ಒಬ್ಬರ ಮನೆಗೆ ಹೋಗಿಬಂದ ಹಾಗಿರುತ್ತಿತ್ತು.

ಎರಡನೇ ತಿಂಗಳು ಸಣ್ಣ ಪುಡಿಯ ಟೀ ಮುಗಿದಿತ್ತು. ಇಲ್ಲದ ಸಾಮಾನಿಗೆ ಅದೇ ಬೆಲೆಯ ಬೇರೊಂದನ್ನು ಬದಲಿಯಾಗಿ ಹಾಕಬಹುದು, ಅದು ಗೋದಾಮಿನ ನಿಯಮ. ರ್ಯಾಕಿನಲ್ಲಿ ಐದಾರು ಬಗೆ ಟೀ ಇತ್ತು. ಬೇರೆ ಯಾರೇ ಆಗಿದ್ದರೂ ಕೈಗೆ ಸಿಕ್ಕಿದ್ದನ್ನು ಹಾಕುತ್ತಿದ್ದರು. ಪಟ್ಟಿಯಮ್ಮನ ಕೈ ನೇರ ಕಡಕ್ ಎಲೆ ಟೀಗೆ ಹೋಯಿತು. ಆ ಮನೆಗೆ ಅದು ಹೋಗಿಯೇ ಹೋಗುತ್ತಿದ್ದ ಟೀ, ಹೇಗೂ ಬೇಕಾಗುತ್ತೆ ಅಂತ.

ಮಾರನೇ ದಿನವೇ ಪೊಟ್ಟಣ ಒಡೆಯದೆ ವಾಪಸು ಬಂತು. ಸೂಪರ್‌ವೈಸರ್ ಕರೆದು, ಈ ಗಿರಾಕಿ ದೂರು ಬರೆದಿದ್ದಾರೆ, ಇನ್ನು ಮುಂದೆ ಬದಲಿ ಹಾಕುವ ಮುಂಚೆ ಫೋನ್ ಮಾಡಿ ಕೇಳಬೇಕಂತೆ ಅಂದ. ಬೈಯಲಿಲ್ಲ. ಆದರೆ ಆ ಪೊಟ್ಟಣವನ್ನು ಮತ್ತೆ ರ್ಯಾಕಿಗೆ ಇಡುವಾಗ ಅವಳ ಕೈ ಹಗುರವಾಗಿರಲಿಲ್ಲ. ಬಾಯಿ ಬಿಡದೆಯೂ ತಾನು ಆ ಹೆಂಗಸಿಗೆ ಏನೋ ಅಂದಿದ್ದೆ, ಅದೇನೆಂದು ತನಗೆ ಗೊತ್ತಿಲ್ಲ.

ಮುಂದಿನ ಬುಧವಾರ ಬಿಳಿ ಸೋಪು ಇರಲಿಲ್ಲ. ಇದ್ದದ್ದೆಲ್ಲ ಹೂವಿನ ವಾಸನೆಯವು. ಫೋನ್ ಮಾಡಲೇಬೇಕು.

ಫೋನು ಗೋಡೆಯ ಪಕ್ಕದ ಮೇಜಿನ ಮೇಲಿತ್ತು. ಆರ್ಡರ್ ನಂಬರು ಒತ್ತಿದರೆ ಅದೇ ಹುಡುಕಿಕೊಂಡು ಹೋಗುತ್ತದೆ. ಹಿಟ್ಟಿನ ಸಾಲಿನ ಧೂಳಿಗೆ ಅಂತ ಕಟ್ಟಿಕೊಂಡ ಬಟ್ಟೆ ಅವಳ ಬಾಯಿಯ ಮೇಲೇ ಇತ್ತು. ತೆಗೆಯಲು ಕೈ ಎತ್ತಿದಳು. ಇಂದು ಕೇಳಿಯೇಬಿಡುತ್ತೇನೆ, ನಾನು ಪಟ್ಟಿಯಮ್ಮ, ಏನಂದೆ ಹೇಳಿ ಅಂತ. ಅಷ್ಟರಲ್ಲಿ ಆ ಕಡೆ ಫೋನ್ ಎತ್ತಿದರು. ಹಿಂದೆ ಗಡಗಡ ಓಡುತ್ತಿದ್ದ ಹೊಲಿಗೆ ಯಂತ್ರ ನಿಂತಿತು.

"ನಮಸ್ಕಾರ ಮೇಡಂ. ನಿಮ್ಮ ಬಿಳಿ ಸೋಪು ಸ್ಟಾಕ್ ಇಲ್ಲ. ವಾಸನೇದು ಇದೆ. ಹಾಕೋದಾ, ಬಿಡೋದಾ?" ಅಂದಳು, ಕಲಿಸಿಕೊಟ್ಟಿದ್ದ ಹಾಗೆ.

ಬಿಟ್ಟುಬಿಡಿ, ವಾಸನೆ ಬಟ್ಟೆಗೆ ಹತ್ತುತ್ತದೆ ಅಂದರು ಹೊಲಿಗೆಯಮ್ಮ. ಅದೇ ಮೆಲ್ಲನೆಯ ದನಿ. ಆಮೇಲೆ, ಹೋದ ವಾರ ಟೀ ಬದಲಾಯಿಸಿದವರು ನೀವೇನಾ ಅಂತ ಕೇಳಿದರು. ಹೌದು, ತಪ್ಪಾಯಿತು ಅಂದಳು ಪಟ್ಟಿಯಮ್ಮ.

"ಬೈತಿದ್ದೀನಿ ಅಂದ್ಕೋಬೇಡಿ. ಅಷ್ಟು ಥರ ಟೀ ಇರುವಾಗ ಅದೇ ಬಂತಲ್ಲ, ನೋಡಿ ಎದೆ ಧಸಕ್ಕಂತು. ಅದು ನಮ್ಮನೆಯವರು ಕುಡೀತಿದ್ದ ಟೀ. ಅವರು ಬಿಟ್ಟು ಹೋಗಿ ಮೂರು ವರ್ಷ ಆಗ್ತಾ ಬಂತು. ತೀರ್ಕೊಂಡಿದ್ದಲ್ಲ. ಹೋದ್ರು, ಅಷ್ಟೇ. ಬೇರೆ ಮನೆ ಮಾಡ್ಕೊಂಡು."

ಪಟ್ಟಿಯಮ್ಮನ ಕೈ ಬಾಯಿಯ ಬಟ್ಟೆಯ ಮೇಲೆ ಹಾಗೇ ನಿಂತಿತು.

ಮುಖ ಗೊತ್ತಿಲ್ಲದವರ ಮುಂದೆ ಮಾತ್ರ ಆಡಬಹುದಾದ ಮಾತುಗಳಿರುತ್ತವೆ. ರೈಲಿನಲ್ಲಿ ಪಕ್ಕ ಕೂತವರಿಗೆ ಹೇಳಿ ಇಳಿದುಹೋಗುವಂಥವು. ಹೊಲಿಗೆಯಮ್ಮ ಅಂಥ ಮಾತು ಆಡುತ್ತಿದ್ದರು. ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ ಅಂದರು. ಈಗೀಗ ಯಾರಾದರೂ ಕೇಳಿದರೆ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾರೆ ಅನ್ನುತ್ತೇನೆ ಅಂದರು. ಮೂಲೆಯಲ್ಲೊಂದು ಅಂಗಡಿ ಇತ್ತು, ಅಲ್ಲೊಬ್ಬ ಹೆಂಗಸಿದ್ದರು, ಎಲ್ಲರ ಪಟ್ಟಿಯೂ ಬಾಯಿಪಾಠ. ನಾನು ಹೋಗುವ ಹೊತ್ತಿಗೆ ಇಬ್ಬರಿಗಾಗುವಷ್ಟು ಕಟ್ಟಿ ಇಟ್ಟಿರುತ್ತಿದ್ದರು. ನಮ್ಮನೆಯವರ ಟೀ, ಅವರ ಬ್ಲೇಡು, ಅವರ ಪೆಪ್ಪರ್‌ಮಿಂಟು. ಇದು ಬೇಡ ಅಂದರೆ ಯಾಕೆ ಅನ್ನುತ್ತಾರೆ, ನಾಲ್ಕು ಜನರ ಮುಂದೆ. ಅವರು ಬಿಟ್ಟು ಹೋದ ಮೇಲೂ ಎಂಟು ತಿಂಗಳು ಎಲ್ಲ ಹೊತ್ತುಕೊಂಡು ಬಂದೆ. ಮನೆ ತುಂಬ ಇಲ್ಲದ ಒಬ್ಬರ ಸಾಮಾನು.

"ಆ ಅಂಗಡಿಯಮ್ಮ ತುಂಬ ಮಾತಾಡ್ತಾರೆ ಅಂತ ಬೀದಿಯವರು ಅಂತಿದ್ರು. ನನಗೆ ಅದೇನೂ ಬೇಜಾರಿರಲಿಲ್ಲ. ಬಾಯಿಗಾದ್ರೆ ಬಾಯಿ ಕೊಡಬಹುದು. ಕಟ್ಟಿಟ್ಟ ಪೊಟ್ಟಣಕ್ಕೆ ಏನು ಹೇಳ್ಲಿ? ಫೋನಲ್ಲಾದ್ರೆ ಎರಡು ಇದ್ದಿದ್ದನ್ನ ಒಂದು ಮಾಡಿದ್ರೆ ಆಯ್ತು. ಅದು ಯಾಕೆ ಅಂತ ಕೇಳಲ್ಲ."

ಗೋದಾಮಿನಲ್ಲಿ ಎಲ್ಲೋ ಒಂದು ಸ್ಕ್ಯಾನರ್ ಕೂಗುತ್ತಿತ್ತು. ಪಟ್ಟಿಯಮ್ಮ, ಬ್ಲೇಡು ಏನು ಮಾಡಿದಿರಿ ಅಂತ ಕೇಳಿದಳು.

ಆ ಕಡೆ ಹೊಲಿಗೆಯಮ್ಮ ನಕ್ಕರು. "ಮೂವತ್ತು ಡಬ್ಬಿ ಇತ್ತು. ತಪ್ಪು ಹೊಲಿಗೆ ಬಿಚ್ಚೋಕೆ ಅದನ್ನೇ ಇಟ್ಕೊಂಡಿದ್ದೀನಿ. ಈ ಜನ್ಮಕ್ಕೆ ಸಾಕು." ಆಮೇಲೆ ದನಿ ಇಳಿಯಿತು. "ಒಳ್ಳೇ ಹೆಂಗಸು ಕಣ್ರೀ. ಒಂದು ಸಲ ಮನೆವರೆಗೂ ಚೀಲ ಹೊತ್ಕೊಂಡು ಬಂದಿದ್ರು, ಒಳಗೆ ಕರೀಲಿಲ್ಲ ನಾನು. ಕರೆದ್ರೆ ಮನೆ ನೋಡ್ತಾರಲ್ಲ. ಅಂಗಡೀನೂ ಮುಚ್ಚಿದ್ರಂತೆ. ಎಲ್ಲಿದ್ದಾರೋ ಏನೋ."

ಇಲ್ಲೇ ಇದ್ದೇನೆ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾಲಗೆಯ ತುದಿಯವರೆಗೆ ಬಂದಿತ್ತು. ಅಂದುಬಿಟ್ಟರೆ ಇಬ್ಬರೂ ಅತ್ತು, ಹಗುರಾಗಿ, ಭಾನುವಾರ ಒಂದು ಲೋಟ ಟೀ ಕುಡಿಯಬಹುದಿತ್ತೇನೋ. ಅಥವಾ ಆ ಹೆಂಗಸಿಗೆ ಗೊತ್ತಾಗುತ್ತಿತ್ತು, ಈ ಫೋನಿನ ಹಿಂದೆಯೂ ಅದೇ ಕಣ್ಣು, ಅದೇ ಕೈ ಇದೆ ಅಂತ. ತಾನು ಯಾರಿಗೂ ಹೇಳದ್ದನ್ನು ಬೀದಿಯಲ್ಲೇ ದೊಡ್ಡ ಬಾಯಿಗೆ ಹೇಳಿಬಿಟ್ಟೆ ಅಂತ. ಆಗ ಆಕೆ ಇಲ್ಲಿಂದಲೂ ಹೊರಡಬೇಕು. ಇನ್ನೆಲ್ಲಿಗೆ ಅಂತ ಹೋಗುತ್ತಾರೆ?

ಪಟ್ಟಿಯಮ್ಮ ಬಟ್ಟೆಯನ್ನು ಬಾಯಿಗೆ ಇನ್ನಷ್ಟು ಒತ್ತಿಕೊಂಡಳು.

"ಎಲ್ಲೋ ಇರ್ತಾರೆ ಬಿಡಿ ಮೇಡಂ. ಕೈಯಲ್ಲಿ ಕೆಲಸ ಇರೋರಿಗೆ ಎಲ್ಲಾದ್ರೂ ಸಿಗುತ್ತೆ."

"ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆ."

"ಫೋನಲ್ಲಿ ಮುದುಕಿಯರ ದನಿ ಎಲ್ಲ ಒಂದೇ ಥರ ಕೇಳುತ್ತೆ."

ಅದೂ ನಿಜವೇ ಅಂತ ನಕ್ಕು, ಸೋಪು ಬಂದಾಗ ಹಾಕಿ ಅಂದು ಹೊಲಿಗೆಯಮ್ಮ ಇಟ್ಟರು. ಇಡುವ ಮುಂಚೆಯೇ ಯಂತ್ರ ಮತ್ತೆ ಓಡತೊಡಗಿತ್ತು. ಪಟ್ಟಿಯಮ್ಮ ಟ್ರೇಯನ್ನು ಬೆಲ್ಟಿನ ಮೇಲೆ ತಳ್ಳಿ, ಹಿಟ್ಟಿನ ಸಾಲಿನ ಹಿಂದೆ ಹೋಗಿ, ಧೂಳು ಕಣ್ಣಿಗೆ ಬಿತ್ತು ಅಂತ ಹುಡುಗಿಗೆ ಹೇಳಿ ಸ್ವಲ್ಪ ಹೊತ್ತು ನಿಂತಳು.

ಭಾನುವಾರ ಅಣ್ಣನ ಮನೆಗೆ ಹೋದಳು. ಅತ್ತಿಗೆ ಅಡುಗೆಮನೆಯಲ್ಲಿದ್ದರು. ಕಟ್ಟೆಯ ಕೆಳಗೆ, ಕಸದ ಬುಟ್ಟಿಯ ಹಿಂದೆ ಮಡಿಸಿ ತುರುಕಿದ ಹಸಿರು ಚೀಲವೊಂದು ಕಂಡಿತು. ಇವಳು ಅದನ್ನು ನೋಡಿದ್ದನ್ನು ಅತ್ತಿಗೆ ನೋಡಿದರು. ಹತ್ತಿರ ಬಂದು ಪಿಸುಗುಟ್ಟಿದರು:

"ಅವರಿಗೆ ಗೊತ್ತಾಗದ ಹಾಗೆ ತರಿಸ್ತೀನಿ ಅಂದ್ಕೊಂಡ್ಯಾ? ತರಿಸೋಕೆ ಹೇಳಿದ್ದೇ ಅವರು. ಮೂವತ್ತು ವರ್ಷ ಗಲ್ಲಾ ಮೇಲೆ ಕೂತೋರು, ಇನ್ನೊಬ್ಬರ ಅಂಗಡಿ ಮುಂದೆ ಚೀಲ ಹಿಡ್ಕೊಂಡು ಹೇಗೆ ನಿಲ್ತಾರೆ? ಚೀಲ ಮಾತ್ರ ನಿನಗೆ ಕಾಣಿಸಬಾರದು ಅಂತ ಬಚ್ಚಿಡಿಸ್ತಾರೆ."

ಪಟ್ಟಿಯಮ್ಮ ಚೀಲವನ್ನು ಕಾಲಿನಿಂದ ಇನ್ನೂ ಒಳಕ್ಕೆ ಸರಿಸಿದಳು.

ಹಜಾರದಲ್ಲಿ ಅಣ್ಣ ಟಿವಿಯ ಮುಂದೆ ಕೂತಿದ್ದ. ಎಷ್ಟೋ ಹೊತ್ತಿನ ಮೇಲೆ, ನಿನ್ನ ಆ ಗೋದಾಮಿನಲ್ಲಿ ನಮ್ಮ ಬೀದಿಯವರು ಯಾರಾದರೂ ಸಿಗುತ್ತಾರಾ ಅಂತ ಕೇಳಿದ. ಅಲ್ಲಿ ಯಾರ ಹೆಸರೂ ಬರುವುದಿಲ್ಲ ಅಂದಳು. ಹೊಲಿಗೆಯಮ್ಮನ ವಿಷಯ ಏನಾದರೂ ತಿಳಿಯಿತಾ ಅಂದ.

ಇದಕ್ಕೇ ಎರಡು ವರ್ಷ ಕಾದಿದ್ದಳು. ನನ್ನ ಬಾಯಿಯಿಂದ ಅಲ್ಲ ಅಣ್ಣ, ಆಕೆಯೇ ಹೇಳಿದರು, ಅನ್ನಬಹುದಿತ್ತು. ಅಂದರೆ ಮತ್ತೆ ಯಾಕೆ ಅಂತ ಅವನು ಕೇಳುತ್ತಾನೆ. ಅವನು ಕೇಳಿದರೆ ಅತ್ತಿಗೆಯೂ ಕೇಳುತ್ತಾರೆ, ಅತ್ತಿಗೆಗೆ ಗೊತ್ತಾದರೆ ಕ್ಷೌರದಂಗಡಿಯವರೆಗೆ ಎಷ್ಟು ದೂರ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ಆದರೆ ಬಿಸಿ ತುಪ್ಪವನ್ನೂ ನುಂಗಬಹುದು, ಗಂಟಲು ಸುಡುತ್ತದೆ ಅಷ್ಟೇ.

"ಇಲ್ಲಣ್ಣ. ನನ್ನ ಬಾಯಿಂದಾನೇ ಹೋದ್ರು ಅನ್ಸುತ್ತೆ. ನೀನು ಅಂದಿದ್ದು ಸರಿ."

ಅಣ್ಣ ಟಿವಿಯಿಂದ ಮುಖ ತಿರುಗಿಸಿ ಅವಳನ್ನು ನೋಡಿದ. ಜಗಳ ಕಾದಿದ್ದವನಿಗೆ ಎದುರಾಳಿ ಸಿಗದ ಹಾಗಾಗಿತ್ತು. ಅವನೇನೋ ಹೇಳಲು ಹೋಗಿ, ಕೆಮ್ಮಿ, ಚಳಿ ಜಾಸ್ತಿಯಾಗಿದೆ, ಸ್ವೆಟರ್ ಹಾಕಿಕೊಂಡು ಬರಬೇಕಿತ್ತು ನೀನು ಅಂದ. ಮತ್ತೆ ಟಿವಿಯ ಕಡೆ ತಿರುಗಿದ. ಅವಳು ಬರುವಾಗ ಬಾಗಿಲವರೆಗೆ ಬಂದು ನಿಂತ. ಹಾಗೆ ಬಂದು ನಿಂತು ವರ್ಷದ ಮೇಲಾಗಿತ್ತು. ಅಷ್ಟನ್ನೇ ಕಟ್ಟಿಕೊಂಡು ಅವಳು ಕೋಣೆಗೆ ಬಂದಳು, ಸ್ಟೋವು ಹಚ್ಚಿದಳು, ಒಬ್ಬಳಿಗಾಗುವಷ್ಟು ಅಕ್ಕಿ ಅಳೆದಳು.

ಬುಧವಾರ ಗೋದಾಮಿನಲ್ಲಿ ಅವಳ ಕಿವಿ ಬೆಳಗಿನಿಂದ ಸ್ಕ್ಯಾನರಿನ ಮೇಲೇ ಇತ್ತು. ಬರುತ್ತದೋ ಇಲ್ಲವೋ? ದನಿ ಕೇಳಿದ ಹಾಗಿದೆ ಅಂದಿದ್ದರು. ಆಮೇಲೆ ನೆನಪಾಗಿರಬಹುದು. ಹನ್ನೊಂದು ಹೊಡೆಯಿತು. ಹನ್ನೊಂದೂಕಾಲು. ಹೆಡ್‌ಫೋನಿನ ಹುಡುಗಿ ಪಕ್ಕದ ಸಾಲಿನಿಂದ ಟ್ರೇ ಎಳೆದುಕೊಂಡು ಬಂದಳು.

"ದೊಡ್ಡಮ್ಮ, ನಿಮ್ಮ ಬುಧವಾರದ್ದು. ತಗೊಳ್ಳಿ."

ಪಟ್ಟಿಯಮ್ಮ ಪರದೆ ನೋಡಿದಳು. ಅಕ್ಕಿ ಒಂದು, ಬೇಳೆ ಅರ್ಧ, ಕಲ್ಲುಪ್ಪು, ಬೆಂಕಿಪೊಟ್ಟಣ, ಸಣ್ಣ ಪುಡಿ, ಯಂತ್ರದ ಎಣ್ಣೆ, ಬಿಳಿ ಸೋಪು. ಇಡೀ ಪಟ್ಟಿ ಇತ್ತು. ಟ್ರೇಯ ಹಿಡಿಯ ಮೇಲೆ ಕೈಯಿಟ್ಟಳು. ಆ ಕೈಗೆ ಎಲ್ಲ ಗೊತ್ತಿತ್ತು, ಗೊತ್ತಿರಬೇಕಾದ್ದಕ್ಕಿಂತ ಹೆಚ್ಚೇ ಗೊತ್ತಿತ್ತು. ಇಂದಲ್ಲದಿದ್ದರೆ ನಾಳೆ ಅದು ಮತ್ತೆ ತಪ್ಪುತ್ತದೆ. ಟ್ರೇಯನ್ನು ಹುಡುಗಿಯ ಕಡೆಗೇ ತಿರುಗಿಸಿದಳು.

"ನೀನೇ ಮಾಡಮ್ಮ ಇನ್ಮೇಲೆ. ಏನಾದ್ರೂ ಇಲ್ಲದಿದ್ರೆ ಬಿಟ್ಬಿಡು, ಬದಲಿ ಹಾಕ್ಬೇಡ. ಟೀಗೂ ಸೋಪಿಗೂ ನಡುವೆ ಉಪ್ಪು ಇಡು."

ಯಾಕೆ ಅಂತ ಹುಡುಗಿ ಕೇಳಿದಳು. ಪಟ್ಟಿಯಮ್ಮನ ಕೈಯಲ್ಲಿದ್ದ ಸ್ಕ್ಯಾನರ್ ಅಷ್ಟರಲ್ಲಿ ಕೂಗಿತು. ಯಾವುದೋ ನಂಬರು, ಆರು ಮೊಟ್ಟೆ, ಒಂದು ಬ್ರೆಡ್ಡು. ಅವಳು ಖಾಲಿ ಟ್ರೇ ಎತ್ತಿಕೊಂಡು ಅತ್ತ ನಡೆದಳು.